ಬೆನ್ನಿಗೆ ಬಿದ್ದ ಬೆಳಕು

ಕಳೆದ ವರ್ಷ ನಮ್ಮ ಮನೆಯ ಬಚ್ಚಲನ್ನು ಪೂರ್ತಿ ಕಿತ್ತು ಹೊಸದಾಗಿ ಮಾಡಿಸಿದೆವು. ಒಂದೂವರೆ ಲಕ್ಷ ಅಂದುಕೊಂಡು ಶುರುಮಾಡಿದ್ದು 2,18,000 ರೂಪಾಯಿಗೆ ಬಂದು ನಿಂತಿತು. ಕೆಲಸ ಮುಗಿದು ಮೂರು ದಿನವಾಗಿತ್ತು. ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದರೆ, ಮಾವನವರು ವರಾಂಡದಲ್ಲಿ ಕಿಟಕಿ ಸರಳಿಗೆ ಕೈಗನ್ನಡಿ ಸಿಕ್ಕಿಸಿಕೊಂಡು, ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟುಕೊಂಡು ಗಡ್ಡ ಕೆರೆಯುತ್ತಿದ್ದರು. ಒಳಗೆ ಅಷ್ಟು ದೊಡ್ಡ ಕನ್ನಡಿ ಇದೆ, ತಿರುಗಿಸಿದರೆ ಬಿಸಿನೀರು ಬರುತ್ತದೆ.

"ಯಾಕೆ ಮಾವ, ಇಲ್ಲಿ?" ಅಂದೆ.

"ಅಲ್ಲಿ ಲೈಟು ನನ್ನ ಬೆನ್ನಿಗೆ ಬೀಳುತ್ತಮ್ಮ. ಗಡ್ಡ ಇರೋದು ಮುಂದೆ" ಅಂದರು.

ಹೋಗಿ ಕನ್ನಡಿ ಮುಂದೆ ನಿಂತು ನೋಡಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಚಾವಣಿಯಲ್ಲಿ ನಾಲ್ಕು ಗುಂಡನೆಯ ಲೈಟು ಕೂರಿಸಿದ್ದೆವು. ಒಂದಕ್ಕೆ 380ರಂತೆ 1,520 ರೂಪಾಯಿ. ನಾಲ್ಕೂ ಬಚ್ಚಲಿನ ನಟ್ಟನಡುವೆ ಸಾಲಾಗಿ ಉರಿಯುತ್ತಿವೆ. ಬೇಸಿನ್ ಹತ್ತಿರ ನಿಂತವರಿಗೆ ಆ ಬೆಳಕು ನೆತ್ತಿಯ ಹಿಂದಿನಿಂದ ಬರುತ್ತದೆ. ಹಣೆ ಹೊಳೆಯುತ್ತದೆ, ಕಣ್ಣಿನ ಕೆಳಗೆ ಎರಡು ಕಪ್ಪು ಗುಳಿ, ಗದ್ದದ ಕೆಳಗೆ ಪೂರ್ತಿ ನೆರಳು. ಹಿಂದೆ ಬಾಗಿಲ ಮೇಲೆ ಒಂದೇ ಬಲ್ಬು ಇದ್ದಾಗಲೂ ಇದೇ ಕಥೆ. ಈಗ ಅದೇ ತಪ್ಪನ್ನು ನಾಲ್ಕು ಪಟ್ಟು ದುಡ್ಡು ಕೊಟ್ಟು ಮಾಡಿಸಿಕೊಂಡಿದ್ದೆ.

ತಪ್ಪು ತಿದ್ದಲು ಹೋಗಿ ಇನ್ನೊಂದು ತಪ್ಪು ಮಾಡಿದೆ. ಸುತ್ತಲೂ ಬೆಳಕು ಬರುವ ಎಲ್ಇಡಿ ಕನ್ನಡಿ ತರಿಸಿದೆ, 8,900 ರೂಪಾಯಿ. ಬೆರಳು ಮುಟ್ಟಿಸಿದರೆ ಹತ್ತುತ್ತದೆ, ಇನ್ನೊಮ್ಮೆ ಮುಟ್ಟಿದರೆ ಬಣ್ಣ ಬದಲಾಗುತ್ತದೆ. ಚಿತ್ರದಲ್ಲಿ ಬಹಳ ಚಂದ. ಗೋಡೆಗೆ ಹಾಕಿದ ಮೇಲೆ ಗೊತ್ತಾಯಿತು, ಅದರ ಬೆಳಕು ಬೀಳುವುದು ಕನ್ನಡಿಯ ಹಿಂದಿನ ಗೋಡೆಗೆ. ದೇವರ ಪಟಕ್ಕೆ ಪ್ರಭಾವಳಿ ಇದ್ದ ಹಾಗೆ ಕನ್ನಡಿಗೆ ಪ್ರಭಾವಳಿ. ಮುಖಕ್ಕೆ ಬರುವುದು ಅದರ ಪ್ರಸಾದದಷ್ಟೇ. ಮಳೆಗಾಲ ಮುಗಿಯುವುದರೊಳಗೆ ಒಳಗಿನ ಪಟ್ಟಿಗೆ ತೇವ ಹೋಗಿ ಒಂದು ಬದಿ ಆರಿತು, ತಿಂಗಳಲ್ಲಿ ಇನ್ನೊಂದು ಬದಿಯೂ ಹೋಯಿತು. ಪಟ್ಟಿ ಮಾತ್ರ ಬದಲಿಸಿಕೊಡಿ ಎಂದರೆ ಹಾಗೆ ಬರುವುದಿಲ್ಲ, ಕನ್ನಡಿ ಸಮೇತ ಹೊಸದೇ ತೆಗೆದುಕೊಳ್ಳಬೇಕು ಎಂದರು. ಎರಡು ಸಲದ ಲೈಟಿನ ಖರ್ಚು 10,420 ರೂಪಾಯಿ, ಮಾವನವರು ವರಾಂಡದಲ್ಲೇ.

ಮನೆಯ ಲೆಕ್ಕ ಬರೆಯುವವಳು ನಾನು. ಇದರಲ್ಲಿ ನಾನು ಎಡವಿದ್ದೆಲ್ಲಿ ಎಂದು ಕೂತು ನೋಡಿದರೆ, ಬಚ್ಚಲಿನ ಲೈಟು ಅಂದ ಕೂಡಲೇ ನನಗೆ ತೋಚುತ್ತಿದ್ದುದು ವ್ಯಾಟು, ಇಲ್ಲವೇ ಚಂದ. ವ್ಯಾಟಿನ ಚಿಂತೆ ಹಳೆಯ ಕಾಲದ್ದು. 60 ವ್ಯಾಟಿನ ಬಲ್ಬು ದಿನಕ್ಕೆ ನಾಲ್ಕು ಗಂಟೆ ಉರಿದರೆ ತಿಂಗಳಿಗೆ 7.2 ಯೂನಿಟ್. 'ಹೊಸ ಬೆಳಕು' ಯೋಜನೆ ಬಂದಾಗ 100 ರೂಪಾಯಿಗೊಂದರಂತೆ 9 ವ್ಯಾಟಿನ ಎಲ್ಇಡಿ ತಂದು ಹಾಕಿದ್ದೆವಲ್ಲ, ಅದು ಅಷ್ಟೇ ಹೊತ್ತಿಗೆ ತಿನ್ನುವುದು 1.08 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ತಿಂಗಳಿಗೆ ಆರೂವರೆ ರೂಪಾಯಿ. 2,000 ವ್ಯಾಟಿನ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್. ಅಂದರೆ ತಿಂಗಳಿಡೀ ಲೈಟಿಗೆ ಎಷ್ಟು ಕರೆಂಟ್ ಹೋಗುತ್ತದೋ ಹೆಚ್ಚುಕಡಿಮೆ ಅಷ್ಟು ಗೀಸರ್‌ನ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಗೃಹಜ್ಯೋತಿಯ ಉಚಿತ ಕರೆಂಟಿನ ಮಿತಿಯೊಳಗೆ ಇರುವವರಿಗೆ ಆ ಆರೂವರೆ ರೂಪಾಯಿಯೂ ಇಲ್ಲ. ಮಗ ಬಚ್ಚಲ ಲೈಟು ಆರಿಸುವುದಿಲ್ಲ ಎಂದು ಕೂಗಾಡುವುದನ್ನು ನಾನು ಬಿಟ್ಟಿದ್ದೇನೆ. ಗೀಸರ್ ಆರಿಸದಿದ್ದರೆ ಮಾತ್ರ ಬಿಡುವುದಿಲ್ಲ.

ಲೈಟಿನಲ್ಲಿ ದುಡ್ಡು ಸೋರುವುದು ಒಂದೇ ಜಾಗಕ್ಕೆ ಎರಡೆರಡು ಸಲ ಕೊಳ್ಳುವುದರಿಂದ. ಡಬ್ಬಿಯ ಮೇಲೆ 25,000 ಗಂಟೆ ಎಂದು ಬರೆದಿರುತ್ತಾರೆ. ದಿನಕ್ಕೆ ನಾಲ್ಕು ಗಂಟೆಯಂತೆ ಅದು 17 ವರ್ಷ. ನಮ್ಮ ಮನೆಯಲ್ಲಿ ಹಳೆಯ ಗಾಜಿನ ಗೋಳದೊಳಗೆ ಹಾಕಿದ ಎಲ್ಇಡಿ ಬಲ್ಬು ಬಾಳಿದ್ದು 14 ತಿಂಗಳು. ಅದರೊಳಗಿನ ಹಳದಿ ಚುಕ್ಕಿಗಳು ಅಷ್ಟು ಸುಲಭವಾಗಿ ಸಾಯುವುದಿಲ್ಲವಂತೆ, ಗಾಳಿಯಾಡದ ಕಡೆ ಕಾವು ಕೂತು ಬುಡದಲ್ಲಿರುವ ಡ್ರೈವರ್ ಸರ್ಕ್ಯೂಟ್ ಸುಡುತ್ತದೆ. ಈಗ ಬಲ್ಬು ಹಾಕುವಾಗ ಅದರ ಬುಡದ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆಯುತ್ತೇನೆ, ಬಿಲ್ಲನ್ನು ಒಂದೇ ಕವರಿನಲ್ಲಿ ಇಡುತ್ತೇನೆ. ವಾರಂಟಿ ಎರಡು ವರ್ಷ ಇದ್ದರೂ ಬಿಲ್ಲಿಲ್ಲದೆ ಸುಮ್ಮನಾಗುವವರೇ ಜಾಸ್ತಿ. ನಾನು ಮೊದಲು ಹಾಗೇ ಇದ್ದವಳು.

ಮೂರನೇ ಸಲ ಅಂಗಡಿಗೆ ಹೋಗುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿದೆವು. ಮಾವನವರನ್ನು ಕನ್ನಡಿ ಮುಂದೆ ನಿಲ್ಲಿಸಿ, ನಾನೊಂದು ಕಡೆ, ನಮ್ಮ ಮನೆಯವರೊಂದು ಕಡೆ ಮೊಬೈಲ್ ಟಾರ್ಚಿಗೆ ಬಿಳಿ ಟಿಶ್ಯೂ ಸುತ್ತಿ ಹಿಡಿದೆವು. ಮೇಲೆತ್ತಿದರೆ ಮೂಗಿನ ನೆರಳು ತುಟಿಗೆ. ಒಂದೇ ಬದಿಗೆ ಹಿಡಿದರೆ ಅರ್ಧ ಮುಖ ಅಮಾವಾಸ್ಯೆ. ಎರಡೂ ಬದಿಯಿಂದ ಅವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು 5 ಅಡಿಗೆ ತಂದಾಗ ಅವರು ಗದ್ದ ಎತ್ತಿ ನೋಡಿಕೊಂಡು "ಹಾಂ, ಇಲ್ಲಿ" ಅಂದರು. ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ.

ಇನ್ನು ಬಣ್ಣ. ನಮ್ಮ ಅಂಗಡಿಗಳಲ್ಲಿ ಕೇಳದೆಯೇ ಕೈಗೆ ಕೊಡುವುದು 6500 ಕೆಲ್ವಿನ್‌ನ ನೀಲಿ ಮಿಶ್ರಿತ ಬಿಳಿ. ಆ ಬೆಳಕಿನಲ್ಲಿ ಗಟ್ಟಿಮುಟ್ಟಾದವರೂ ಜ್ವರದಿಂದ ಎದ್ದವರಂತೆ ಕಾಣುತ್ತಾರೆ. ಹೋಟೆಲಿನವರ ಹಾಗೆ 3000 ಹಾಕಿದರೆ ಹಿತವಾಗಿರುತ್ತದೆ, ಆದರೆ ಅರಿಶಿನ ಹಚ್ಚಿಕೊಂಡದ್ದು ತೊಳೆದು ಹೋಯಿತೋ ಇಲ್ಲವೋ ತಿಳಿಯುವುದಿಲ್ಲ. 4000ಕ್ಕೆ ಒಪ್ಪಿಕೊಂಡೆವು. ಡಬ್ಬಿಯ ಮೇಲಿನ ಇನ್ನೊಂದು ಅಂಕಿಯನ್ನೂ ನೋಡಿ, ಸಿಆರ್‌ಐ. ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದರ ಅಳತೆ ಅದು, ನೂರಕ್ಕೆ. ಅದು ಎಂಟು ತೆಳು ಬಣ್ಣಗಳ ಸರಾಸರಿ. ಕಡುಗೆಂಪು ಒಂಬತ್ತನೆಯದು, ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ 80 ಇರುವ ಬಲ್ಬಿನಲ್ಲಿ ಎಲ್ಲ ಸರಿಯಿದ್ದು ಕುಂಕುಮ ಮಾತ್ರ ಇಟ್ಟಿಗೆ ಪುಡಿಯಂತೆ ಕಾಣಬಹುದು. ನನಗೆ ಹಾಗೇ ಕಾಣುತ್ತಿತ್ತು. 90ರದ್ದಕ್ಕೆ ಸ್ವಲ್ಪ ಹೆಚ್ಚು ಕೊಟ್ಟೆ, ಬೇಸರವಿಲ್ಲ.

ಆ ನಾಲ್ಕರ ಸಾಲಿನಲ್ಲಿ ಶವರ್ ಕಡೆಗಿದ್ದ ಚಾವಣಿ ಲೈಟಿನ ಅಂಚು ಅಷ್ಟರಲ್ಲಾಗಲೇ ತುಕ್ಕು ಹಿಡಿದಿತ್ತು. ಡಬ್ಬಿಯ ಮೇಲೆ ಐಪಿ ಎಂದು ಬರೆದು ಮುಂದೆ ಎರಡು ಅಂಕಿ ಇರುತ್ತದೆ, ಎರಡನೆಯದು ನೀರಿಗೆ ಎಷ್ಟು ತಡೆಯುತ್ತದೆ ಎಂದು ಹೇಳುತ್ತದೆ. ನಮ್ಮದು ಐಪಿ20, ಅಂದರೆ ನೀರಿಗೆ ಸೊನ್ನೆ ರಕ್ಷಣೆ. ಬೇಸಿನ್ ಹತ್ತಿರ 44 ಸಾಕು, ನೀರು ನೇರ ಸಿಡಿಯುವ ಕಡೆ 65 ಬೇಕು. ಆ ಜಾಗಕ್ಕೆ ಹಡಗಿನ ಕಿಟಕಿಯಂಥ ಗುಂಡನೆಯ ಬಲ್ಕ್‌ಹೆಡ್ ಲೈಟು ಬಂತು, 450 ರೂಪಾಯಿ. ಮೇನ್ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇರಲಿಲ್ಲ, ಅದನ್ನೂ ಹಾಕಿಸಿದೆ. ಅದರ ದುಡ್ಡನ್ನು ಲೈಟಿನ ಖಾತೆಗೆ ಬರೆದಿಲ್ಲ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವ ಮನೆಯಲ್ಲಿ ಅದು ಮೊದಲೇ ಇರಬೇಕಿತ್ತು.

ಹಗಲಿನ ಬೆಳಕಿಗೆ ಒಂದು ಪೈಸೆ ಖರ್ಚಾಗಲಿಲ್ಲ. ಸಾಗರದ ಹತ್ತಿರದ ನನ್ನ ತವರಿನ ಬಚ್ಚಲಿನಲ್ಲಿ ಹಂಡೆ ಒಲೆಯ ಮಸಿಗೆ ಗೋಡೆಯೆಲ್ಲ ಕಪ್ಪು, ಆದರೂ ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಹೊಗೆಯ ನಡುವೆ ಬಿಸಿಲು ಕೋಲಿನಂತೆ ಇಳಿಯುತ್ತಿತ್ತು, ಸಂಜೆವರೆಗೆ ಲೈಟಿನ ಮಾತೇ ಇಲ್ಲ. ಅದು ನೆನಪಾಗಿ ಮೈಸೂರಿನ ಮನೆಯ ವೆಂಟಿಲೇಟರಿನ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ಸೋಪಿನಲ್ಲಿ ತಿಕ್ಕಿದೆ. ಅವು ಬೂದು ಬಣ್ಣದ ಗಾಜು ಎಂದೇ ನಾನು ನಂಬಿದ್ದೆ, ತೊಳೆದರೆ ಬಿಳಿ.

ರಾತ್ರಿ ಎರಡು ಸಲ ಏಳುವ ಮಾವನವರಿಗೆ ಬಚ್ಚಲಿನ ಹೊಸ್ತಿಲ ಪಕ್ಕ ಅರ್ಧ ವ್ಯಾಟಿನ ನೈಟ್ ಲ್ಯಾಂಪ್, 60 ರೂಪಾಯಿ. ಹಿಂದಿನ ಝೀರೋ ಬಲ್ಬು ಹೆಸರಿಗಷ್ಟೇ ಝೀರೋ, 15 ವ್ಯಾಟಿನಷ್ಟು ಎಳೆಯುತ್ತಿತ್ತು.

ಬದಿಯ ಲೈಟು ಒಂದಕ್ಕೆ 850, ಎರಡಕ್ಕೆ 1,700. ಬಲ್ಕ್‌ಹೆಡ್, ನೈಟ್ ಲ್ಯಾಂಪ್ ಸೇರಿ 2,210. ಉಳಿದ 1,400 ವೈರು, ಬಾಕ್ಸು, ಕೂಲಿ. ಒಟ್ಟು 3,610 ರೂಪಾಯಿ. ಕೂಲಿ ಜಾಸ್ತಿಯಾಯಿತೇನೋ ಎಂದೆ. ಟೈಲ್ಸ್ ಒಡೆಯದಂತೆ ಹಿಂದಿನ ರೂಮಿನ ಕಡೆಯಿಂದ ಗೋಡೆ ಕೊರೆದು, ಅರ್ಧ ದಿನ ಧೂಳು ಕುಡಿದಿದ್ದ ಎಲೆಕ್ಟ್ರಿಷಿಯನ್ ಡ್ರಿಲ್ ಕೆಳಗಿಟ್ಟು, "ಟೈಲ್ಸ್ ಹಾಕೋ ಮುಂಚೆ ಕರ್ದಿದ್ರೆ 400 ರೂಪಾಯಲ್ಲಿ ಮುಗೀತಿತ್ತು ಮೇಡಂ" ಎಂದ.

ನೀವು ಬಚ್ಚಲಿನ ಕೆಲಸ ಹಿಡಿಸುವವರಿದ್ದರೆ, ಟೈಲ್ಸ್‌ನವರಿಗೆ ಮುಂಗಡ ಕೊಡುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಕನ್ನಡಿಯ ಎರಡೂ ಪಕ್ಕ 5 ಅಡಿ ಎತ್ತರಕ್ಕೆ ವೈರ್ ಎಳೆಸಿ ಬಾಕ್ಸ್ ಕೂರಿಸಿಡಿ. ಲೈಟು ಯಾವುದೆಂದು ನಿಧಾನವಾಗಿ ಯೋಚಿಸಿ ಕೊಳ್ಳಬಹುದು.