ಹಿಮವನ್ನು ಸೀಳುವ ನೀರು

ಗೆಳೆಯರೇ, ಮಂಜುಗಡ್ಡೆ ಬಿಸಿಲಿಗೆ ಕರಗುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಕರಗಿದ ಸ್ವಲ್ಪ ನೀರೇ ಮಿಕ್ಕ ಮಂಜುಗಡ್ಡೆಯನ್ನು ಸೀಳಿಹಾಕುತ್ತದೆ ಅಂದರೆ ನಂಬ್ತೀರಾ? ಈ ಸಲ ನಾನು ಅದನ್ನೇ ಬರೆದಿದ್ದೇನೆ.

ಹಿಮಹಾಸು ಎಂದರೇನು?
ದಕ್ಷಿಣ ಧ್ರುವದ ಅಂಟಾರ್ಕ್ಟಿಕ ಖಂಡದಲ್ಲಿ ಬಿದ್ದ ಹಿಮ ಸಾವಿರಾರು ವರ್ಷಗಳಿಂದ ಒತ್ತಿ ಒತ್ತಿ ಗಟ್ಟಿಯಾಗಿದೆ. ಅದು ಹಿಮನದಿಯಾಗಿ ಮೆಲ್ಲಗೆ ಸಮುದ್ರದ ಕಡೆ ಜಾರುತ್ತದೆ. ದಡ ದಾಟಿದ ಮೇಲೂ ಮುರಿಯದೆ ನೀರಿನ ಮೇಲೆ ತೇಲುವ ಭಾಗವೇ ಹಿಮಹಾಸು. ಇಂಗ್ಲಿಷಿನಲ್ಲಿ ಐಸ್ ಶೆಲ್ಫ್ ಅಂತಾರೆ. ಇದರ ದಪ್ಪ ನೂರಾರು ಮೀಟರ್.

ನೀರು ಏನು ಮಾಡುತ್ತದೆ?
ಅಲ್ಲಿ ಡಿಸೆಂಬರ್, ಜನವರಿ ಅಂದರೆ ಬೇಸಿಗೆ.
1) ಮೇಲಿನ ಹಿಮ ಸ್ಪಂಜಿನ ಹಾಗೆ ಕರಗಿದ ನೀರನ್ನು ಹೀರುತ್ತದೆ. ನೀರು ಒಳಗೇ ಹೆಪ್ಪುಗಟ್ಟಿ ಸಂದುಗಳೆಲ್ಲ ತುಂಬಿದ ಮೇಲೆ ಇನ್ನು ಇಂಗೋದಿಲ್ಲ, ಹೊಂಡವಾಗಿ ನಿಲ್ಲುತ್ತದೆ.
2) ಬಿಳಿ ಹಿಮ ಬಿಸಿಲನ್ನು ವಾಪಸು ಕಳಿಸುತ್ತದೆ. ನೀಲಿ ಹೊಂಡ ಬಿಸಿಲನ್ನು ಹೀರುತ್ತದೆ. ಆದ್ದರಿಂದ ಇನ್ನಷ್ಟು ಕರಗುತ್ತದೆ.
3) ನೀರು ಬಿರುಕಿಗೆ ಇಳಿಯುತ್ತದೆ. ಖಾಲಿ ಬಿರುಕಾದರೆ ಸುತ್ತಲಿನ ಹಿಮದ ಒತ್ತಡ ಅದನ್ನು ಆಳಕ್ಕೆ ಹೋಗಲು ಬಿಡುವುದಿಲ್ಲ. ಆದರೆ 1 ಲೀಟರ್ ನೀರು 1 ಕಿಲೋ ತೂಗಿದರೆ ಅಷ್ಟೇ ಗಾತ್ರದ ಮಂಜುಗಡ್ಡೆ ತೂಗುವುದು ಸುಮಾರು 917 ಗ್ರಾಂ. ನೀರೇ ಭಾರ! ಸೌದೆಗೆ ಬೆಣೆ ಹೊಡೆದ ಹಾಗೆ ಅದು ಬಿರುಕನ್ನು ತಳದವರೆಗೂ ಸೀಳುತ್ತದೆ.
4) ಹೊಂಡದ ಭಾರಕ್ಕೆ ಹಿಮಹಾಸು ಬಾಗುತ್ತದೆ. ನೀರು ಸೋರಿಹೋದರೆ ಮೇಲೇಳುತ್ತದೆ. ಇದರಿಂದ ಅಕ್ಕಪಕ್ಕದಲ್ಲೂ ಬಿರುಕು ಬಿಡಬಹುದು.

ಲಾರ್ಸೆನ್ ಬಿ ಕಥೆ
ಅಂಟಾರ್ಕ್ಟಿಕ ಪರ್ಯಾಯ ದ್ವೀಪದ ಪೂರ್ವಕ್ಕಿದ್ದ ಲಾರ್ಸೆನ್ ಬಿ ಹಿಮಹಾಸು ಸುಮಾರು 220 ಮೀಟರ್ ದಪ್ಪವಿತ್ತು. 2002ರ ಬೇಸಿಗೆಯಲ್ಲಿ ಅದರ ಮೇಲೆ 2,000ಕ್ಕೂ ಹೆಚ್ಚು ಹೊಂಡಗಳಿದ್ದವು. ಜನವರಿ 31ರಿಂದ ಸುಮಾರು 35 ದಿನಗಳಲ್ಲಿ 3,250 ಚದರ ಕಿ.ಮೀ. ಹಿಮ ಒಡೆದು ಚೂರಾಯಿತು. ಉಪಗ್ರಹದ ಚಿತ್ರಗಳಲ್ಲಿ ಇದೆಲ್ಲ ದಾಖಲಾಗಿದೆ. ಬಿರುಕಿಗಿಳಿದ ನೀರೇ ಇದಕ್ಕೆ ಮುಖ್ಯ ಕಾರಣ ಎಂದು ವಿಜ್ಞಾನಿಗಳು ಹೇಳುತ್ತಾರೆ.

ಎಲ್ಲಾ ಕಡೆ ಹೀಗೇ ಆಗುತ್ತೆ ಅಂತಲ್ಲ. ನಾನ್ಸೆನ್ ಎಂಬ ಹಿಮಹಾಸಿನ ಮೇಲೆ ಕರಗಿದ ನೀರು ಹೊಳೆಯಾಗಿ ಹರಿದು, ಜಲಪಾತದಂತೆ ಕಡಲಿಗೆ ಬೀಳುತ್ತದೆ. ಅಲ್ಲಿ ನೀರು ನಿಲ್ಲುವುದು ಕಡಿಮೆ, ಅಪಾಯವೂ ಕಡಿಮೆ.

ಮಾಡಿ ನೋಡಿ
ಲೋಟದ ನೀರಿನಲ್ಲಿ ಐಸ್ ತುಂಡು ತೇಲಿಬಿಟ್ಟು ಮಟ್ಟಕ್ಕೆ ಗುರುತು ಹಾಕಿ. ಐಸ್ ಕರಗಿದ ಮೇಲೂ ಮಟ್ಟ ಏರಲ್ಲ. ಹಾಗಾದರೆ ತೇಲುವ ಹಿಮಹಾಸು ಒಡೆದರೆ ನಮಗೇನು ಚಿಂತೆ? ಚಿಂತೆ ಇದೆ. ಹಿಮಹಾಸು ಹಿಂದಿನ ಹಿಮನದಿಗಳನ್ನು ಬಾಗಿಲಿಗೆ ಅಡ್ಡ ಇಟ್ಟ ಕಲ್ಲಿನ ಹಾಗೆ ತಡೆದಿರುತ್ತದೆ. ಲಾರ್ಸೆನ್ ಬಿ ಹೋದ ಮೇಲೆ ಹೆಕ್ಟೋರಿಯಾದಂಥ ಹಿಮನದಿಗಳ ವೇಗ ಒಂದೆರಡು ವರ್ಷದಲ್ಲೇ ಹಲವು ಪಟ್ಟು ಹೆಚ್ಚಿತು. ನೆಲದ ಮೇಲಿದ್ದ ಹಿಮ ಸಮುದ್ರ ಸೇರಿದರೆ ಮಟ್ಟ ಏರಲೇಬೇಕು. ಸಮುದ್ರಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿವೆ, ಮಂಗಳೂರು, ಕಾರವಾರದ ಕಡಲೂ ಸೇರಿ.

ಯೋಚಿಸಿ: ನೀರಿಗಿಂತ ಮಂಜುಗಡ್ಡೆಯೇ ಭಾರವಾಗಿದ್ದರೆ ಲಾರ್ಸೆನ್ ಬಿ ತೇಲುತ್ತಿತ್ತೇ? ಉತ್ತರ ಬರೆದು ಗೋಡೆಪತ್ರಿಕೆಯ ಕೆಳಗೆ ಅಂಟಿಸಿ.