ಕಣಜದ ವೇಷದ ನೊಣ

ವಿಜಯಪುರ ಜಿಲ್ಲೆಯ ಸಿಂದಗಿ ಸೀಮೆಯಲ್ಲಿ ಯಂಕಂಚಿಯೆಂಬ ಗ್ರಾಮವಿದೆ. ಇಂಥ ಎರೆಭೂಮಿಯ ಊರುಗಳಲ್ಲಿ ಹಿಂಗಾರಿನ ಕುಸುಬೆ ಹೂ ಬಿಟ್ಟಾಗ ಹಳದಿ-ಕಪ್ಪು ಪಟ್ಟೆಯ ಕೀಟಗಳು ಹಾರಾಡುತ್ತವೆ. ಕಂಡವರು ಕಣಜವೆಂದು ಹೆದರುತ್ತಾರೆ. ಆದರೆ ಅವುಗಳಲ್ಲಿ ಎಷ್ಟೋ ಕೊಂಡಿಯೇ ಇಲ್ಲದ ಸಾಧು ನೊಣಗಳು. ಇವಕ್ಕೆ ಸಿರ್ಫಿಡ್ ನೊಣಗಳೆಂದು ಹೆಸರು.

ಈ ವೇಷವೇಕೆ? ಕಣಜವನ್ನು ಹಿಡಿದು ಕುಟುಕಿಸಿಕೊಂಡ ಹಕ್ಕಿ ಆ ಬಣ್ಣವನ್ನು ಮರೆಯದು. ಅದೇ ಬಣ್ಣದ ನೊಣವನ್ನೂ ಮುಟ್ಟದು. ನಿರುಪದ್ರವಿ ಜೀವಿಯು ಅಪಾಯದ ಜೀವಿಯನ್ನು ಹೋಲಿ ಬದುಕುವ ಈ ಬಗೆಯನ್ನು ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್ ಅವರು ಅಮೆಜಾನ್ ಪ್ರದೇಶದ ಚಿಟ್ಟೆಗಳಲ್ಲಿ ಕಂಡು 1862ರಲ್ಲಿ ವಿವರಿಸಿದರು.

ಇವನ್ನು ಗುರುತಿಸುವುದು ಹೇಗೆ? ಮೊದಲು ರೆಕ್ಕೆಗಳನ್ನು ಎಣಿಸಬೇಕು. ಕಣಜಕ್ಕೆ ಎರಡು ಜೊತೆ, ನೊಣಕ್ಕೆ ಒಂದೇ ಜೊತೆ. ಕಣಜದ ಹಿಂದಿನ ರೆಕ್ಕೆಗಳು ಮುಂದಿನವುಗಳಿಗೆ ಸಣ್ಣ ಕೊಕ್ಕೆಗಳಿಂದ ಕೂಡಿಕೊಂಡಿರುವುದರಿಂದ ಎಣಿಕೆ ತಪ್ಪಬಹುದು. ಆಗ ಮುಖವನ್ನು ನೋಡಬೇಕು. ನೊಣದ ತಲೆಯ ಬಹುಭಾಗ ಕಣ್ಣುಗಳೇ, ಕುಡಿಮೀಸೆ ಗಿಡ್ಡ. ಕಣಜದ ಕುಡಿಮೀಸೆ ಉದ್ದ, ನಡು ಸಣ್ಣ. ಗಾಳಿಯಲ್ಲಿ ತೂಗುಬಿಟ್ಟಂತೆ ಒಂದೆಡೆ ನಿಲ್ಲುವುದು ಈ ನೊಣದ ಮತ್ತೊಂದು ಲಕ್ಷಣ.

ಈ ಗುರುತು ಕೇವಲ ಕುತೂಹಲಕ್ಕಲ್ಲ. ಕುಸುಬೆಗೆ ಸಸ್ಯಹೇನಿನ ಕಾಟ ಹೆಚ್ಚು. ಈ ಗುಂಪಿನ ಹಲವು ನೊಣಗಳು ಹೇನುಗಳ ನಡುವೆಯೇ ಮೊಟ್ಟೆಯಿಡುತ್ತವೆ. ಹೊರಬಂದ ಕಾಲಿಲ್ಲದ ಮರಿಹುಳು ಕೋಶವಾಗುವುದರೊಳಗೆ ನೂರಾರು ಹೇನುಗಳ ರಸ ಹೀರುತ್ತದೆ. ಅದನ್ನೇ ಪೀಡೆಯೆಂದು ತಿಳಿದು ವಿಷ ಸಿಂಪಡಿಸಿದರೆ ಹೇನಿನೊಡನೆ ರೈತನ ಬಂಟನೂ ಸಾಯುತ್ತಾನೆ. ಹೇನುಗಳ ಸಂತತಿ ಬೇಗನೆ ಮತ್ತೆ ಹೆಚ್ಚುತ್ತದೆ, ತಡೆಯುವವರು ಇರುವುದಿಲ್ಲ. ಆದ್ದರಿಂದ ಸಿಂಪಡಿಸುವ ಮೊದಲು ಎಲೆ ಹೊರಳಿಸಿ ನೋಡುವುದು ಲೇಸು.