ಮುಪ್ಪಿನಲ್ಲಿ ನಡುನೋಟದ ರಕ್ಷಣೆ

"ವಯಸ್ಸಾದ ಮೇಲೆ ಕಣ್ಣು ಮಂದವಾಗುವುದು ಸಹಜ, ಪೊರೆ ಬಲಿತ ಮೇಲೆ ತೆಗೆಯಿಸಿದರಾಯಿತು" ಎಂಬ ಮಾತು ನಮ್ಮ ಮನೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು (1916–2005) ಊರೂರಲ್ಲಿ ಶಿಬಿರಗಳನ್ನು ನಡೆಯಿಸಿ, ಪೊರೆ ತೆಗೆದು, ಅಸಂಖ್ಯ ಜನರಿಗೆ ದೃಷ್ಟಿಯನ್ನು ಮರಳಿ ಕೊಟ್ಟ ನಾಡಿದು. ಆದುದರಿಂದ ಇಲ್ಲಿಯವರು ಹೀಗೆ ಭಾವಿಸುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಕಾದಷ್ಟೂ ಕೆಡುವ, ಕಳೆದುಹೋದ ಮೇಲೆ ಬಹುಮಟ್ಟಿಗೆ ಮರಳಿ ಬಾರದ ದೃಷ್ಟಿಯೂ ಒಂದುಂಟು. ಅದನ್ನು ಕುರಿತು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ನಾಲ್ಕು ಮಾತು ಹೇಳಬಯಸುತ್ತೇವೆ.

ನಮ್ಮಲ್ಲಿ ಬಹುವರ್ಷ ಹೊಲಿಗೆ ಕಲಿಸಿ ನಿವೃತ್ತರಾದ ಶಿಕ್ಷಕಿಯೊಬ್ಬರು ಕಸೂತಿಯಲ್ಲಿ ನಿಪುಣರು. ಒಂದು ದಿನ ಅವರಿಗೆ ಗವಂತಿ ಹೊಲಿಗೆಯ ನೇರ ಗೆರೆ ಡೊಂಕಾಗಿ ತೋರಿತು. ಬಿಚ್ಚಿ ಮತ್ತೆ ಹಾಕಿದರು, ಮತ್ತೆ ಡೊಂಕೇ. ಪೊರೆಯಿರಬಹುದೆಂದು ತಿಂಗಳುಗಟ್ಟಲೆ ಸುಮ್ಮನಿದ್ದರು. ವೈದ್ಯರ ಬಳಿ ಹೋಗುವಷ್ಟರಲ್ಲಿ ಬಲಗಣ್ಣಿನ ನಡುನೋಟ ಅಳಿದಿತ್ತು. ಇದನ್ನು ಇತರರಿಗೆ ತಿಳಿಸಿರೆಂದು ಅವರೇ ನಮ್ಮನ್ನು ಕೇಳಿಕೊಂಡಿದ್ದಾರೆ.

ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲದ ನಡುವೆ ಸುಮಾರು ಐದು ಮಿಲಿಮೀಟರು ಅಗಲದ ಒಂದು ಭಾಗವುಂಟು. ಅದಕ್ಕೆ ಮ್ಯಾಕ್ಯುಲಾ ಅಥವಾ ಹಳದಿ ಚುಕ್ಕೆಯೆಂದು ಹೆಸರು. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಇದರಿಂದಲೇ. ಐವತ್ತು ದಾಟಿದವರಲ್ಲಿ ಇದು ಸವೆಯುವುದುಂಟು. ಈ ರೋಗವು ಎರಡು ವಿಧ. ಒಣ ವಿಧದಲ್ಲಿ ಪಟಲದ ಕೆಳಗೆ ಹಳದಿ ಕಣಗಳು ಶೇಖರವಾಗಿ ದೃಷ್ಟಿಯು ನಿಧಾನವಾಗಿ ಕುಂದುವುದು. ಹೆಚ್ಚಿನವರಿಗೆ ಇದೇ ಬರುವುದು. ಒದ್ದೆ ವಿಧದಲ್ಲಿ ಬೇಡದ ರಕ್ತನಾಳಗಳು ಬೆಳೆದು ಸೋರಿ, ಕೆಲವು ವಾರಗಳಲ್ಲಿಯೇ ನಡುನೋಟವನ್ನು ಕೆಡಿಸುವುವು. ಇದಕ್ಕೆ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದು 2006ರ ಸುಮಾರಿನಿಂದ ಬಳಕೆಗೆ ಬಂದಿದೆ. ಉಳಿದ ದೃಷ್ಟಿಯನ್ನು ಕಾಪಾಡುವುದು ಅದರ ಮುಖ್ಯ ಕೆಲಸ. ಮೇಲಿಂದ ಮೇಲೆ ತೆಗೆದುಕೊಳ್ಳಬೇಕು. ಬೇಗ ಹೋದವರಿಗೆ ಹೆಚ್ಚು ಪ್ರಯೋಜನ.

ಒಂದು ಕಣ್ಣು ಕೆಟ್ಟರೆ ಮತ್ತೊಂದು ಅದರ ಕೊರತೆಯನ್ನು ಮುಚ್ಚುವುದರಿಂದ ರೋಗವು ತಿಳಿಯದೆ ಹೋಗುವುದು. ಸ್ವಿಟ್ಜರ್ಲೆಂಡಿನ ವೈದ್ಯ ಮಾರ್ಕ್ ಆಮ್ಸ್ಲರರು ಇದಕ್ಕೊಂದು ಸುಲಭ ಪರೀಕ್ಷೆಯನ್ನು ಹೇಳಿಕೊಟ್ಟರು. ಮೊಮ್ಮಕ್ಕಳ ಲೆಕ್ಕದ ಚೌಕಳಿ ಹಾಳೆಯ ನಡುವೆ ಚುಕ್ಕೆಯಿಟ್ಟು, ಓದುವ ಕನ್ನಡಕ ಧರಿಸಿ, ಹಾಳೆಯನ್ನು ಒಂದಡಿ ದೂರ ಹಿಡಿಯಿರಿ. ಒಂದು ಕಣ್ಣು ಮುಚ್ಚಿ ಚುಕ್ಕೆಯನ್ನೇ ನೋಡಿರಿ. ಅನಂತರ ಮತ್ತೊಂದು ಕಣ್ಣಿನಿಂದ ನೋಡಿರಿ. ಗೆರೆಗಳು ಡೊಂಕಾಗಿ ತೋರಿದರೆ, ನಡುವೆ ಮಸಿ ಬಿದ್ದಂತೆ ಕಂಡರೆ, ಒಂದೆರಡು ದಿನಗಳೊಳಗೆ ಕಣ್ಣಿನ ವೈದ್ಯರನ್ನು ಕಾಣತಕ್ಕದ್ದು. ಹುಬ್ಬಳ್ಳಿಯಲ್ಲಿಯೇ ಡಾ. ಎಂ. ಎಂ. ಜೋಶಿಯವರ ಹೆಸರಿನ ಕಣ್ಣಿನ ಆಸ್ಪತ್ರೆಯೂ 1957ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇರಲಾಗಿ, ದೂರದ ನೆವ ಹೇಳಲಾಗದು. ಗೆರೆಗಳು ನೆಟ್ಟಗೆ ಕಂಡರೂ ಐವತ್ತರ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಒಳ್ಳೆಯದು; ತಂದೆತಾಯಿಗಳಿಗೆ ಈ ರೋಗವಿದ್ದವರಿಗಂತೂ ಅವಶ್ಯ.

ವಯಸ್ಸನ್ನೂ ವಂಶವನ್ನೂ ನಾವು ಬದಲಿಸಲಾರೆವು. ಆದರೆ ಬೀಡಿ ಸಿಗರೇಟುಗಳನ್ನು ಬಿಡುವುದು ನಮ್ಮ ಕೈಯಲ್ಲಿದೆ. ನಾವು ತಡೆಯಬಹುದಾದ ಕಾರಣಗಳಲ್ಲಿ ಧೂಮಪಾನವೇ ದೊಡ್ಡದು. ರಕ್ತದೊತ್ತಡವನ್ನು ಹತೋಟಿಯಲ್ಲಿಡಬೇಕು. ಮೆಂತ್ಯ, ಪಾಲಕ, ನುಗ್ಗೆ, ರಾಜಗಿರಿ ಸೊಪ್ಪುಗಳೂ ಗೋವಿನಜೋಳವೂ ತತ್ತಿಯ ಹಳದಿಯೂ ಕಣ್ಣಿಗೆ ಹಿತವಾದ ಲ್ಯೂಟಿನ್ ಮುಂತಾದ ಸತ್ವಗಳುಳ್ಳವು. ರೊಟ್ಟಿಯ ಜೊತೆಗೆ ದಿನವೂ ಸೊಪ್ಪಿನ ಪಲ್ಯವಿರಲಿ. ಅಂಗಡಿಯ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ಅಮೆರಿಕದಲ್ಲಿ ನಡೆದು 2001ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯ ಪ್ರಕಾರ, ರೋಗವು ಮಧ್ಯಮ ಹಂತಕ್ಕೆ ಬಂದವರಲ್ಲಿ ಅದು ಮುಂದುವರಿಯುವ ಅಪಾಯವನ್ನು ಅಂಥ ಮಾತ್ರೆಗಳು ಸುಮಾರು ನಾಲ್ಕನೆಯ ಒಂದಂಶ ತಗ್ಗಿಸಿದವು. ರೋಗವಿಲ್ಲದವರಿಗೆ ರೋಗ ಬಾರದಂತೆ ಅವು ತಡೆಯಲಿಲ್ಲ.

ಆ ಶಿಕ್ಷಕಿಯವರು ಈಗ ಎಡಗಣ್ಣನ್ನು ವಾರವಾರವೂ ಚೌಕಳಿ ಹಾಳೆಯ ಮುಂದೆ ಪರೀಕ್ಷಿಸಿಕೊಳ್ಳುತ್ತಾರೆ. ದೊಡ್ಡಕ್ಷರದ ಸತ್ಯವೇದವನ್ನು ಓದುತ್ತಾರೆ. ಪ್ರಿಯ ಪುತ್ರಿಯರೇ, ನಿಮಗೆ ಅಕ್ಷರ ತೋರಿಸಿದ ಕಣ್ಣುಗಳು ಇಂದು ಮುಪ್ಪಾಗಿವೆ. ನಿಮ್ಮ ತಾಯಿಯವರು, ಅತ್ತೆಯವರು "ಗೆರೆ ಡೊಂಕಾಗಿ ಕಾಣುತ್ತದೆ" ಎಂದರೆ ವಯಸ್ಸಿನ ಮಾತೆಂದು ತಳ್ಳಿಹಾಕಬೇಡಿರಿ. ಈ ಸಂಚಿಕೆಯನ್ನು ಮಡಿಚಿಟ್ಟೊಡನೆ ಒಂದು ಚೌಕಳಿ ಹಾಳೆಯನ್ನು ಅವರ ಕೈಗೆ ಕೊಡಿರಿ. ದೇವರು ಅನುಗ್ರಹಿಸಿದ ಬೆಳಕನ್ನು ಕಾಯುವುದು ನಮ್ಮೆಲ್ಲರ ಕರ್ತವ್ಯವಾಗಿದೆ.